ತಿರುಗುವ ಪೆಟ್ಟಿಗೆಯೂ ತಿರುಗದ ಭಾನುವಾರಗಳೂ

ಕೆಟ್ಟುಹೋದ ವಸ್ತುವನ್ನು ಗುಜರಿಗೆ ಹಾಕಲಾರದ ಗಂಡಸು ಪ್ರತಿ ಬೀದಿಗೂ ಒಬ್ಬ ಇದ್ದೇ ಇರುತ್ತಾನೆ. ನಮ್ಮ ಬೀದಿಗೆ ಆ ಒಬ್ಬ ನಾನೇ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಅರಸೀಕೆರೆಯ ನಮ್ಮ ಬಾಡಿಗೆ ಮನೆಯ ಅಟ್ಟದಲ್ಲಿ ಹಿಡಿಯಿಲ್ಲದ ಇಸ್ತ್ರಿಪೆಟ್ಟಿಗೆಯಿದೆ, ರೆಕ್ಕೆ ಕಳೆದುಕೊಂಡ ಫ್ಯಾನಿದೆ, ಮಳೆ ಬಂದ ದಿನ ಮಾತ್ರ ಹಾಡುವ ರೇಡಿಯೊ ಇದೆ. ಒಂದೊಂದನ್ನೂ ಕೈಗೆತ್ತಿಕೊಂಡಾಗ ‘ಸ್ವಲ್ಪ ರಿಪೇರಿ ಮಾಡಿದರೆ ಇನ್ನೂ ಹತ್ತು ವರ್ಷ ಬರುತ್ತೆ’ ಎಂದು ನನ್ನ ಒಳಗಿನಿಂದ ಯಾರೋ ಹೇಳುತ್ತಾರೆ. ಇದನ್ನು ನನ್ನ ಹೆಂಡತಿ ವಿಮಲಳಿಗೆ ಹೇಳಿದರೆ, “ನಾನೂ ಹಂಗೇ ಅಂದ್ಕೊಂಡೇ ನಿಮ್ಮನ್ನ ಮದುವೆಯಾಗಿದ್ದು” ಎನ್ನುತ್ತಾಳೆ. ಪ್ರೈಮರಿ ಶಾಲೆಯ ಮೇಡಂ ಅವಳು. ತಾಲ್ಲೂಕು ಕಚೇರಿಯ ಗುಮಾಸ್ತನಾದ ನಾನು ಮೇಡಂಗಳ ಎದುರು ವಾದ ಮಾಡುವುದಿಲ್ಲ.

ಈಗ ಹೇಳಹೊರಟಿರುವುದು ಅಟ್ಟಕ್ಕೆ ಏರಿಸಲಾಗದಂಥ ಒಂದು ವಸ್ತುವಿನ ವಿಷಯ. ಎದೆಮಟ್ಟದ ಮರದ ಪೆಟ್ಟಿಗೆ. ಹೊರಗಿನಿಂದ ನೋಡಿದರೆ ಯಾರೋ ಬಟ್ಟೆಯ ಬೀರುವೊಂದಕ್ಕೆ ಗಾಳಿಕಿಂಡಿ ಹೊಡೆಸಿದ್ದಾರೆ ಅನ್ನಿಸಬೇಕು. ಒಳಗೆ ಮೇಲ್ಗಡೆ ಉಮ್ಮತ್ತದ ಹೂವಿನಾಕಾರದ ಕೊಂಬು, ಕೆಳಗಡೆ ಒಂದು ದೊಡ್ಡ ಸ್ಪೀಕರು, ಅದರ ಬಾಯಿಗೆ ಅಡ್ಡವಾಗಿ ಮರದ ಡ್ರಮ್ಮು. ಕರೆಂಟಿನ ಆರ್ಗನ್ನನ್ನು ಇದಕ್ಕೆ ಜೋಡಿಸಿ ನುಡಿಸುವಾಗ ಈ ಕೊಂಬೂ ಡ್ರಮ್ಮೂ ಮೋಟಾರಿನ ಬಲದಿಂದ ಗಿರಗಿರ ತಿರುಗುತ್ತವೆ. ಸ್ವರ ನಿಮ್ಮ ಕಡೆ ಬರುತ್ತದೆ, ಗೋಡೆಯ ಕಡೆ ಹೋಗುತ್ತದೆ, ಮತ್ತೆ ನಿಮ್ಮ ಕಡೆ ಬರುತ್ತದೆ. ಸಿನಿಮಾ ಪ್ರಚಾರದ ಆಟೋ ಊರು ಸುತ್ತುವಾಗ ದನಿ ಹತ್ತಿರವಾಗಿ ದೂರವಾಗುತ್ತದಲ್ಲ, ಅದನ್ನೇ ಕಣ್ಣು ಮಿಟುಕಿಸುವಷ್ಟರಲ್ಲಿ ಮಾಡಿ ತೋರಿಸುವ ಯಂತ್ರ ಇದು. ಪಕ್ಕದ ಮನೆಯ ಕೊಬ್ಬರಿ ವ್ಯಾಪಾರಿ ರುದ್ರಪ್ಪನವರಿಗೆ ಇಷ್ಟನ್ನೂ ವಿವರಿಸಿದೆ. ಅವರು ಪೂರ್ತಿ ಕೇಳಿ, “ಅಲ್ಲಾ ಸಾರ್, ಸ್ಪೀಕರ್ ಯಾಕೆ ತಿರುಗಬೇಕು? ಕೇಳೋರು ಒಂದ್ ಕಡೆ ತಾನೆ ಕುಂತಿರ್ತಾರೆ?” ಎಂದರು. ಅದು ಆ ಸ್ವರ ಕೇಳಿದವರಿಗೆ ಮಾತ್ರ ಗೊತ್ತು.

ನಾನು ಕೇಳಿದ್ದೆ. ನನಗೆ ಮೀಸೆ ಸರಿಯಾಗಿ ಬಂದಿರದ ಕಾಲದಲ್ಲಿ ನಮ್ಮದೊಂದು ಆರ್ಕೆಸ್ಟ್ರಾ ಇತ್ತು. ಆರ್ಗನ್ ನುಡಿಸುತ್ತಿದ್ದವನು ನನ್ನ ಸ್ನೇಹಿತ ಮೋಹನ. ಹಾಡುತ್ತಿದ್ದವಳು ಅವನ ತಂಗಿ ವಿಮಲ. ನಾನು ಏನು ಮಾಡುತ್ತಿದ್ದೆ ಎಂದು ಕೇಳುತ್ತೀರಿ, ಗೊತ್ತು. ಎರಡು ಸೋರೆಬುರುಡೆಯಂಥವನ್ನು ಎರಡು ಕೈಯಲ್ಲಿ ಹಿಡಿದು ಝಲ್ ಝಲ್ ಅಲ್ಲಾಡಿಸುತ್ತಿದ್ದೆ. ಅದಕ್ಕೆ ಘನವಾದ ಹೆಸರೊಂದು ಇದೆಯಂತೆ. ನಮ್ಮೂರಲ್ಲಿ ಎಲ್ಲರೂ ಗಿಲಕಿ ಎಂದೇ ಕರೆಯುತ್ತಿದ್ದರು, ಮದುವೆ ಮನೆಗಳಲ್ಲಿ ನನ್ನನ್ನು ‘ಗಿಲಕಿಯವರು ಊಟ ಮಾಡಿದ್ರಾ?’ ಎಂದು ವಿಚಾರಿಸುತ್ತಿದ್ದರು. ಹಾಗೆ ನೋಡಿದರೆ ನನಗೆ ವಾದ್ಯದ ಮೇಲೆ ಪ್ರೀತಿಯಿರಲಿಲ್ಲ. ಗಿಲಕಿಯವನಿಗೆ ವೇದಿಕೆಯಲ್ಲಿ ಗಾಯಕಿಯ ಪಕ್ಕದಲ್ಲೇ ಜಾಗ ಕೊಡುತ್ತಿದ್ದರು, ಅಷ್ಟೆ.

ಹಳೇಬೀಡಿನಲ್ಲಿ ಒಂದು ಶಾಲೆಯ ವಾರ್ಷಿಕೋತ್ಸವ. ಕೆರೆಯ ಪಕ್ಕದ ಬಯಲಲ್ಲಿ ವೇದಿಕೆ ಹಾಕಿದ್ದರು. ಇನ್ನೂ ಸಂಜೆಯ ಬೆಳಕಿತ್ತು. ವಿಮಲ ಮೊದಲ ಚರಣ ಮುಗಿಸಿದ್ದಳು, ಮೋಹನ ಆರ್ಗನ್ನಿನ ಮೇಲೆ ಬೆರಳು ಹರಿಸುತ್ತಿದ್ದ, ಪೆಟ್ಟಿಗೆಯ ಕೊಂಬು ತಿರುಗಿ ತಿರುಗಿ ಆ ಸ್ವರವನ್ನು ಕೆರೆಯ ನೀರಿನ ಮೇಲೆ ಎರಚುತ್ತಿತ್ತು. ಆಗ ಕರೆಂಟು ಹೋಯಿತು. ಮೈಕು ಸತ್ತಿತು, ಆರ್ಗನ್ ಸತ್ತಿತು, ಕೊಂಬು ನಿಧಾನವಾಗಿ ನಿಂತಿತು. ವಿಮಲ ಮಾತ್ರ ನಿಲ್ಲಿಸಲಿಲ್ಲ. ಎರಡನೆಯ ಚರಣವನ್ನು ಬರಿಗಂಟಲಲ್ಲಿ ಎತ್ತಿಕೊಂಡಳು. ಇಡೀ ಆರ್ಕೆಸ್ಟ್ರಾದಲ್ಲಿ ಕರೆಂಟು ಬೇಡದ ವಾದ್ಯ ನನ್ನದೊಂದೇ! ಬಿಡುತ್ತೇನೆಯೇ? ಝಲ್ ಝಲ್ ಎಂದು ಕೊನೆಯ ಸಾಲಿನವರೆಗೂ ಅವಳ ಜೊತೆ ನಡೆದೆ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅವಳು ನನ್ನ ಕಡೆ ತಿರುಗಿ ಒಂದು ನಗೆ ನಕ್ಕಳು. ನನ್ನ ಬಾಳಿನಲ್ಲಿ ನಾನು ಯಾರಿಗಾದರೂ ಆಸರೆಯಾದದ್ದಿದ್ದರೆ ಅದು ಆ ಸಂಜೆ ಎಂದು ನಂಬಿಕೊಂಡೇ ಮುಂದಿನ ವರ್ಷಗಳನ್ನು ಕಳೆದೆ. ಮುಂದಿನ ಬೇಸಿಗೆಯಲ್ಲಿ ನಮ್ಮ ಮದುವೆಯಾಯಿತು.

ಆಮೇಲೆ ಆಗುವುದೆಲ್ಲ ಆಯಿತು. ಕಂಕುಳಲ್ಲಿ ಇಟ್ಟುಕೊಂಡು ಓಡಾಡಬಹುದಾದ ಕೀಬೋರ್ಡುಗಳು ಬಂದವು. ಆರ್ಗನ್ನನ್ನು ಹೊರಲು ನಾಲ್ಕು ಜನ ಬೇಕು, ನಾಲ್ಕು ಜನರಿಗೂ ಊಟ ಬೇಕು. ಮೋಹನ ಅದನ್ನು ಯಾರಿಗೋ ಕೊಟ್ಟು, ಬೇಲೂರಿನ ಹೈಸ್ಕೂಲೊಂದರಲ್ಲಿ ಕ್ಲರ್ಕಾದ. ಪೆಟ್ಟಿಗೆ ಎಲ್ಲೋ ಹೋಯಿತು. ವಿಮಲಳಿಗೆ ಮೇಡಂ ಕೆಲಸ ಸಿಕ್ಕಿತು, ಹಾಡುವುದು ನಿಂತಿತು. ಯಾರೂ ಬೇಡವೆನ್ನಲಿಲ್ಲ. ನಾನಂತೂ ಹಬ್ಬ, ಹುಣ್ಣಿಮೆ, ನಾಮಕರಣ ಎಂದು ನೆಪ ಹುಡುಕಿ ಹುಡುಕಿ, “ಒಂದು ಹಾಡು ಹೇಳೇ” ಎಂದು ಪೀಡಿಸುತ್ತಲೇ ಇದ್ದೆ. ಅವಳ ಉತ್ತರ ಒಂದೇ. “ಗಂಟಲನ್ನ ಸರ್ಕಾರಕ್ಕೆ ಬರ್ಕೊಟ್ಟಾಯ್ತು ಕಣ್ರೀ. ಬೆಳಗಿಂದ ಮಗ್ಗಿ ಕೂಗಿ ಕೂಗಿ ಸಂಜೆಗೆ ಉಳಿಯೋದು ಗಂಟಲಲ್ಲ, ಗರಗಸ.” ಅಡಿಗೆ ಮಾಡುವಾಗಲಾದರೂ ಗುನುಗುತ್ತಾಳೇನೋ ಎಂದು ಹಜಾರದಲ್ಲಿ ಪೇಪರು ಹಿಡಿದು ಕಿವಿಗೊಟ್ಟು ಕೂರುತ್ತಿದ್ದೆ. ಕುಕ್ಕರು ಕೂಗುತ್ತಿತ್ತು, ಅವಳು ಕೂಗುತ್ತಿರಲಿಲ್ಲ. ಒಂದೇ ಮನೆಯಲ್ಲಿದ್ದುಕೊಂಡು, ಒಂದೇ ಸಾರು ಉಣ್ಣುತ್ತಾ, ಅವಳ ದನಿಗಾಗಿ ನಾನು ಹಂಬಲಿಸುತ್ತಿದ್ದೆ ಎಂದರೆ ನೀವು ನಗಬಹುದು. ನಗಿ, ಪರವಾಗಿಲ್ಲ.

ಒಮ್ಮೆ ಯಾರದೋ ಆರತಿಯಲ್ಲಿ ನೆಂಟರೆಲ್ಲ ಸೇರಿ ಬಲವಂತ ಮಾಡಿದಾಗ, ತಪ್ಪಿಸಿಕೊಳ್ಳಲು ಅವಳು, “ನಮ್ಮಣ್ಣನ ಆ ಪೆಟ್ಟಿಗೆ ತಿರುಗಿದ ದಿನ ಹಾಡ್ತೀನಿ, ಹೋಗ್ರಿ” ಎಂದುಬಿಟ್ಟಳು. ಕತ್ತೆಗೆ ಕೊಂಬು ಬಂದಾಗ ಎಂಬಂಥ ಮಾತು ಅದು. ನೆಂಟರಿಗೆ ಅರ್ಥವಾಯಿತು. ನಾನು ಗುಮಾಸ್ತ, ಅದನ್ನು ಆದೇಶವೆಂದು ತಿಳಿದೆ.

ಪೆಟ್ಟಿಗೆ ಸಿಕ್ಕಿದ್ದು ಬೇಲೂರಿನ ಒಬ್ಬ ಶಾಮಿಯಾನದವನ ಗೋದಾಮಿನಲ್ಲಿ. ಕೊಂಬಿನ ಸುತ್ತ ಸೌಟುಗಳು, ಡ್ರಮ್ಮಿನ ಸುತ್ತ ಅನ್ನದ ಜಾಲರಿಗಳು. “ತಗಂಡೋಗಿ ಸ್ವಾಮಿ, ಹೆಗ್ಗಣಕ್ಕೆ ಮನೆ ಆಗೈತೆ” ಎಂದು ಖುಷಿಯಿಂದಲೇ ಬಿಟ್ಟುಕೊಟ್ಟ. ಹಳೆಯ ಬೆಡ್‌ಶೀಟು ಸುತ್ತಿ, ಹಗ್ಗ ಬಿಗಿದು, ಅರಸೀಕೆರೆಯ ಬಸ್ಸಿನ ಟಾಪಿಗೆ ಏರಿಸಿದ್ದಾಯಿತು. ಹಳೇಬೀಡಿನಲ್ಲಿ ಬಸ್ಸು ನಿಂತಾಗ ಒಬ್ಬ ಅಜ್ಜಿ ಮೇಲೆ ನೋಡಿ, ಚಪ್ಪಲಿ ಬಿಟ್ಟು, “ಯಾವೂರ್ ದ್ಯಾವ್ರಪ್ಪಾ?” ಎಂದು ಕೈಮುಗಿದಳು. ಕಂಡಕ್ಟರು ನನ್ನ ಮುಖ ನೋಡಿದ. ಲಗೇಜಿನ ಪ್ರಶ್ನೆ ಅವನ ಬಾಯಲ್ಲೇ ಇತ್ತು. ನಾನು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಜಾವಗಲ್ಲಿನ ಹೊತ್ತಿಗೆ ಡ್ರೈವರೂ ಹೊಂಡಗಳನ್ನು ನೋಡಿಕೊಂಡು ಓಡಿಸತೊಡಗಿದ್ದ.

ಮನೆಯಲ್ಲಿ ಅಂಥ ಭಕ್ತಿಯೇನೂ ಕಾಣಲಿಲ್ಲ. ವಿಮಲ ಬಾಗಿಲಲ್ಲೇ ನಿಂತು ಪೆಟ್ಟಿಗೆಯನ್ನು ಬಹಳ ಹೊತ್ತು ನೋಡಿದಳು. ಗಾಳಿಕಿಂಡಿಯ ಪಟ್ಟಿಗಳ ಮೇಲೆ ಬೆರಳಾಡಿಸಿದಳು. ಏನಾದರೂ ಹೇಳುತ್ತಾಳೇನೋ ಎಂದು ಕಾದೆ. “ಇದನ್ನಿಟ್ರೆ ದಿವಾನು ಎಲ್ಲಿಗೆ ಹೋಗಬೇಕು?” ಎಂದಳು.

ದಿವಾನು ಪಡಸಾಲೆಗೆ ಹೋಯಿತು, ರಿಪೇರಿ ಶುರುವಾಯಿತು. ಪೆಟ್ಟಿಗೆ ಹೊರದೇಶದ್ದು. ನಮ್ಮ ಕರೆಂಟಿನ ಅರ್ಧ ಸಾಕು ಅದಕ್ಕೆ. ಅರ್ಧ ಕರೆಂಟು ತಾನೆ, ಅರಸೀಕೆರೆಯಲ್ಲಿ ಸಂಜೆ ಹೊತ್ತು ಪುಕ್ಕಟೆ ಸಿಗುತ್ತದೆ ಎಂದು ನಾನು ಚಟಾಕಿ ಹಾರಿಸಿದ್ದೆ, ಆದರೂ ಮೋಟಾರು ವೈಂಡಿಂಗ್ ಅಂಗಡಿಯಲ್ಲಿ ಒಂದು ಟ್ರಾನ್ಸ್‌ಫಾರ್ಮರು ಸುತ್ತಿಸಲೇಬೇಕಾಯಿತು. ಕೆಳಗಿನ ಸ್ಪೀಕರಿನ ಕಾಗದ ಹರಿದಿತ್ತು, ತೇಪೆ ಹಾಕಿದೆ. ಬೆಲ್ಟುಗಳು ಮುಟ್ಟಿದರೆ ಹಪ್ಪಳದಂತೆ ಮುರಿದವು. ಹೊಲಿಗೆ ಮಿಷನ್ನಿನ ಬೆಲ್ಟು ಹಾಕಿ ನೋಡಿದೆ, ಜಾರಿತು. ಕೊನೆಗೆ ಸೈಕಲ್ ಟ್ಯೂಬನ್ನು ಉಂಗುರ ಉಂಗುರವಾಗಿ ಕತ್ತರಿಸಿ ತೊಡಿಸಿದೆ, ಹಿಡಿದುಕೊಂಡಿತು. ಎಲ್ಲವನ್ನೂ ಬಿಚ್ಚಿ ಮತ್ತೆ ಜೋಡಿಸಿದಾಗ ಒಂದು ಹಿಡಿ ಸ್ಕ್ರೂ ಮಿಕ್ಕವು. ಅವನ್ನು ಬೇಬಿಪೌಡರಿನ ಖಾಲಿ ಡಬ್ಬಿಗೆ ತುಂಬಿ ಪೆಟ್ಟಿಗೆಯ ಮೇಲೆಯೇ ಇಟ್ಟೆ. ಅವು ಇಲ್ಲದೆಯೂ ಪೆಟ್ಟಿಗೆ ನಿಂತಿತು ಎಂದ ಮೇಲೆ ತಪ್ಪು ತಯಾರಿಸಿದವರದೇ. ಇನ್ನುಳಿದದ್ದು ಕೀಚ್ ಕೀಚ್ ಎನ್ನುವ ಬೇರಿಂಗುಗಳು. ಅದಕ್ಕೆ ಯಾರನ್ನೂ ಕೇಳಬೇಕಾಗಿರಲಿಲ್ಲ. ಅರಸೀಕೆರೆಯಲ್ಲಿ ಹುಟ್ಟಿದವನು ತಲೆ ಒಣಗಿದರೂ, ಬಾಗಿಲು ಕಿರುಗುಟ್ಟಿದರೂ, ಬೆರಳಿಗೆ ಉಂಗುರ ಸಿಕ್ಕಿಕೊಂಡರೂ ಕೈ ಚಾಚುವುದು ಒಂದೇ ಬಾಟಲಿಗೆ. ಆ ಬಾಟಲಿಯನ್ನು ತಂದು ಬೇರಿಂಗುಗಳಿಗೆ ಧಾರಾಳವಾಗಿ ಅಭ್ಯಂಜನ ಮಾಡಿಸಿದೆ.

ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ, ವಿಮಲ ಶಾಲೆಗೆ ಹೋಗಿದ್ದಾಗ, ಸ್ವಿಚ್ಚು ಒತ್ತಿದೆ. ತಿರುಗಿತು! ಕೊಂಬು ತಿರುಗಿತು, ಡ್ರಮ್ಮು ತಿರುಗಿತು. ಬೇರೇನೂ ಇಲ್ಲದ್ದರಿಂದ ನಮ್ಮ ಟೇಪ್‌ರೆಕಾರ್ಡರನ್ನೇ ಜೋಡಿಸಿದೆ. ಸ್ವರ ಹಜಾರದ ತುಂಬ ಅಲೆಯಲೆಯಾಗಿ ಓಡಾಡಿತು. ನಾನು ನೆಲದ ಮೇಲೆ ಕೂತು ಅತ್ತೆ. ನಾಚಿಕೆಯೇನಿಲ್ಲ, ಅತ್ತೆ. ವಿಮಲಳಿಗೆ ಹೇಳಲಿಲ್ಲ. ಎಸ್‌ಟಿಡಿ ಬೂತಿಗೆ ಹೋಗಿ ಮೋಹನನ ಶಾಲೆಗೆ ಫೋನು ಮಾಡಿ, ಧನುರ್ಮಾಸದ ಮೊದಲ ಭಾನುವಾರ ಬೆಳಗ್ಗೆ ಕೀಬೋರ್ಡು ತೆಗೆದುಕೊಂಡು ಬಾ ಎಂದೆ.

ಮೋಹನನ ಬಗ್ಗೆ ಒಂದು ಮಾತು. ಗೆಳೆಯರಾಗಿದ್ದಾಗ ನಾವು ಲೋ, ಬಾರೋ ಎನ್ನುತ್ತಿದ್ದವರು. ತಂಗಿಯನ್ನು ಕೊಟ್ಟ ಮರುದಿನದಿಂದ ಅವನು ನನಗೆ ‘ಭಾವ, ನೀವು’ ಎನ್ನತೊಡಗಿದ. ನಾನು ಬದಲಾಗಲಿಲ್ಲ, ಅವನು ಬದಲಾದ. ಸಂಗೀತದ ವಿಷಯಕ್ಕೆ ಸಿಟ್ಟು ಬಂದಾಗ ಮಾತ್ರ ಮರ್ಯಾದೆ ಕಳಚಿಬೀಳುತ್ತದೆ. ಆ ಭಾನುವಾರ ಮೊದಲ ಬಸ್ಸಿಗೆ ಮಫ್ಲರು ಸುತ್ತಿಕೊಂಡು ಬಂದ. ಪೆಟ್ಟಿಗೆಯನ್ನು ಕಂಡು ಕಣ್ಣು ತುಂಬಿಕೊಂಡ. ರುದ್ರಪ್ಪನವರೂ ಟವೆಲು ಹೊದ್ದುಕೊಂಡು ಬಂದು ಕೂತರು. ವಿಮಲ ಅಡಿಗೆಮನೆಯ ಬಾಗಿಲಿಗೆ ಬಂದು ನಿಂತಳು. ನಾನು ಸ್ವಿಚ್ಚು ಒತ್ತಿದೆ. ಮೋಟಾರು ‘ಹ್ಞೂಂ’ ಎಂದಿತು. ಕೊಂಬು ಅಲುಗಲಿಲ್ಲ. ಕೈಯಿಂದ ತಳ್ಳಿದೆ, ಅರ್ಧ ಸುತ್ತು ಬಂದು ನಿಂತಿತು. “ಲೋ ಪುಟ್ಟಸ್ವಾಮಿ, ಇದಕ್ಕೆ ನನ್ನ ಬೇಲೂರಿಂದ ಕರೆಸಿದ್ಯೇನೋ?” ಎಂದ ಮೋಹನ. ಮರ್ಯಾದೆ ಕಳಚಿಬಿದ್ದಿತ್ತು. ವಿಮಲ ಒಳಗೆ ಹೋಗಿ ಉಪ್ಪಿಟ್ಟು ಬಡಿಸಿದಳು.

ಅವನನ್ನು ಮಧ್ಯಾಹ್ನದ ಬಸ್ಸಿಗೆ ಹತ್ತಿಸಿ ಮನೆಗೆ ಬಂದು ಸ್ವಿಚ್ಚು ಒತ್ತಿದರೆ, ಗಿರ್ರನೆ ತಿರುಗಿತು. ಮುಂದಿನ ಭಾನುವಾರವೂ ಇದೇ ಕಥೆ. ಬೆಳಗ್ಗೆ ಎಲ್ಲರ ಮುಂದೆ ಮುಷ್ಕರ, ಎಲ್ಲರೂ ಹೋದ ಮೇಲೆ ಗಿರಗಿರ. ಮೋಹನ ವೋಲ್ಟೇಜು ಎಂದ, ಬೆಳಗ್ಗೆ ಊರೆಲ್ಲ ನೀರು ಕಾಯಿಸುತ್ತಾರೆ ಎಂದ. ರುದ್ರಪ್ಪನವರು, “ದೃಷ್ಟಿ ಆಗೈತೆ ಸಾರ್, ನಾ ಬಂದ್ ಕುಂತಾಗ್ಲೇ ನಿಲ್ತೈತೆ, ನಂದೇ ಇರಬೋದು” ಎಂದು ಪಾಪ, ತಾವೇ ನಿಂಬೆಹಣ್ಣು ಮೆಣಸಿನಕಾಯಿ ತಂದು ಕಟ್ಟಿದರು. ನಾನು ಮಾಲೇಕಲ್ಲು ತಿರುಪತಿಗೆ ಹರಕೆ ಹೊತ್ತೆ. ಮೋಟಾರನ್ನು ಇನ್ನೊಮ್ಮೆ ಬಿಚ್ಚಿದೆ. ಅನುಮಾನಕ್ಕೆ ಇನ್ನಷ್ಟು ಎಣ್ಣೆ ಹಾಕಿದೆ. ಮರುದಿನ ಬೆಳಗ್ಗೆ ಇನ್ನಷ್ಟು ಗಟ್ಟಿಯಾಗಿ ಕೂತಿತ್ತು. ವಿಮಲ ಮಾತ್ರ ಯಾವ ಅಭಿಪ್ರಾಯವನ್ನೂ ಕೊಡಲಿಲ್ಲ. ಪೆಟ್ಟಿಗೆ ತಿರುಗದಿದ್ದರೆ ಅವಳಿಗೆ ನಿರಾಳವೇನೋ ಎಂದು ನನಗೆ ಅನುಮಾನ ಬಂತು. ಆ ಅನುಮಾನ ಬಂದ ದಿನ ನನಗೆ ಊಟ ಸೇರಲಿಲ್ಲ.

ಆ ವಾರದಲ್ಲೊಂದು ಬೆಳಗ್ಗೆ ನನ್ನ ಎಣ್ಣೆಸ್ನಾನ. ಚಳಿಗೆ ನಡುಗುತ್ತಾ ಲುಂಗಿ ಸುತ್ತಿಕೊಂಡು ಹಿತ್ತಲಲ್ಲಿ ನಿಂತಿದ್ದೆ. ವಿಮಲ ಎಣ್ಣೆಯ ಬಾಟಲಿಯನ್ನು ತಲೆಕೆಳಗು ಮಾಡಿ ಬಡಿದಳು. ಒಂದು ಹನಿಯೂ ಬೀಳಲಿಲ್ಲ. “ಹೆಪ್ಪುಗಟ್ಟಿದೆ ನೋಡಿ. ಬಿಸಿಲು ಬರೋ ತನಕ ಕಟ್ಟೆ ಮೇಲಿಡಿ” ಎಂದು ನನ್ನ ಕೈಗೆ ಕೊಟ್ಟಳು. ಬಾಟಲಿಯ ತುಂಬ ಬೆಳ್ಳಗೆ, ಮೇಣದಂತೆ ಕೂತ ಕೊಬ್ಬರಿ ಎಣ್ಣೆ. ನಾನು ಅದನ್ನು ನೋಡಿದೆ. ಹಜಾರದ ಕಡೆ ನೋಡಿದೆ. ಮತ್ತೆ ಬಾಟಲಿ ನೋಡಿದೆ.

“ಏನಾಯ್ತ್ರೀ? ಯಾಕೆ ಹಂಗೆ ನಿಂತ್ರಿ?”

“ಅದಕ್ಕೂ ಇದನ್ನೇ ಹಾಕಿದ್ದೆ ಕಣೇ.”

ಅರ್ಥವಾಗಲು ಅವಳಿಗೆ ಒಂದು ಗಳಿಗೆ ಹಿಡಿಯಿತು. ಆಮೇಲೆ ನಕ್ಕಳು ನೋಡಿ! ಒಗೆಯುವ ಕಲ್ಲಿನ ಮೇಲೆ ಕೂತು, ಸೆರಗು ಬಾಯಿಗಿಟ್ಟುಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. “ಬಿಸಿಲು ಬರೋ ತನಕ ಪೆಟ್ಟಿಗೇನೂ ಕಟ್ಟೆ ಮೇಲಿಡ್ರೀ” ಎಂದು ಮತ್ತೆ ನಕ್ಕಳು. ಎಷ್ಟೋ ವರ್ಷಗಳಿಂದ ನಾನು ಆ ನಗು ಕೇಳಿರಲಿಲ್ಲ. ನನ್ನನ್ನೇ ಕುರಿತ ನಗುವಾದರೂ ಇನ್ನೂ ಸ್ವಲ್ಪ ನಗಲಿ ಎಂದು ಸುಮ್ಮನೆ ನಿಂತಿದ್ದೆ. ಆಮೇಲೆ ಅವಳೇ ತನ್ನ ಹಳೆಯ ಸೀರೆಯ ತುಂಡು ತಂದಳು. ಇಬ್ಬರೂ ಕೂತು ಸೀಮೆಎಣ್ಣೆಯಲ್ಲಿ ಬೇರಿಂಗುಗಳನ್ನು ತಿಕ್ಕಿ ತೊಳೆದು, ಹೊಲಿಗೆ ಮಿಷನ್ನಿನ ಎಣ್ಣೆ ಹಾಕಿದೆವು.

ಮುಂದಿನ ಭಾನುವಾರ ಮೋಹನ ಬರಲೊಲ್ಲೆ ಎಂದ. ಬೇಡಿಕೊಂಡೆ, ಬಂದ. ರುದ್ರಪ್ಪನವರು ತಮ್ಮ ದೃಷ್ಟಿಗೆ ಹೆದರಿ ಬಾಗಿಲಾಚೆಯೇ ನಿಂತರು. ಬಾಯಿಂದ ಹಬೆ ಬರುವ ಆ ಚಳಿಯಲ್ಲಿ ಸ್ವಿಚ್ಚು ಒತ್ತಿದ ಕೂಡಲೇ ಕೊಂಬು ತಿರುಗಿತು. ಮೋಹನ ಮಫ್ಲರು ಬಿಚ್ಚಿ ಪಕ್ಕಕ್ಕಿಟ್ಟು, ಕೀಬೋರ್ಡಿನ ಮೇಲೆ ಕೈಯಿಟ್ಟ. ಅದೇ ದನಿ. ಬರುವ, ಹೋಗುವ, ಮತ್ತೆ ಬರುವ ಅದೇ ದನಿ. ಬಾಗಿಲಾಚೆಯಿಂದ ರುದ್ರಪ್ಪನವರು, “ಓಹೋ, ಇದಕ್ಕಾ ತಿರುಗೋದು” ಎಂದರು. ಮೋಹನ ಹಳೇಬೀಡಿನ ಆ ಹಾಡಿಗೇ ಬಂದ. ಪಲ್ಲವಿ ನುಡಿಸಿದ, ಮೊದಲ ಚರಣ ನುಡಿಸಿದ, ತಂಗಿಯ ಮುಖ ನೋಡಿದ. ನಾನೂ ನೋಡಿದೆ. ಅಡಿಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದ ವಿಮಲ ತಲೆಯಲ್ಲಾಡಿಸಿದಳು. “ಬೇಡಣ್ಣ. ಅಷ್ಟು ಚೆನ್ನಾಗಿ ಕೇಳ್ತಿದೆ. ನನ್ನ ಗಂಟಲು ಯಾಕೆ ಅದರ ಮಧ್ಯ?” ಎಂದು ಒಳಗೆ ಹೋಗಿಬಿಟ್ಟಳು.

ಅಷ್ಟೇ. ಪೆಟ್ಟಿಗೆ ತಿರುಗುತ್ತಿದೆ, ಹಾಡುವವಳು ಒಳಗೆ ಒಗ್ಗರಣೆ ಹಾಕುತ್ತಿದ್ದಾಳೆ. ಇಷ್ಟು ದಿನ ನಾನು ಏನನ್ನು ರಿಪೇರಿ ಮಾಡುತ್ತಿದ್ದೆ? ಮೋಹನ ತಲೆತಗ್ಗಿಸಿ ನುಡಿಸುತ್ತಲೇ ಇದ್ದ. ಆಗ ನಮ್ಮೂರಿನ ಕರೆಂಟು, ಎಂದೂ ಹೇಳಿ ಹೋಗದ ಕರೆಂಟು, ಹೋಯಿತು. ಸತ್ತ ಕೀಲಿಗಳ ಮೇಲೆ ಮೋಹನನ ಬೆರಳು ಟಕಟಕ ಎಂದು ನಿಂತವು. ಕೊಂಬು ಒಂದಷ್ಟು ಸುತ್ತು ತನ್ನ ಪಾಡಿಗೆ ತಿರುಗಿ, ಗೋಡೆಗೆ ಮುಖ ಮಾಡಿ ನಿಂತುಕೊಂಡಿತು.

ಅಡಿಗೆಮನೆಯಿಂದ ಎರಡನೆಯ ಚರಣ ಕೇಳಿಸಿತು.

ಮೊದಲು ಗುನುಗಿದಂತೆ, ಆಮೇಲೆ ಬಾಯಿಬಿಟ್ಟು. ಮೇಲಿನ ಸ್ವರದಲ್ಲಿ ಕೊಂಚ ಒಡಕಿತ್ತು, ಉಸಿರು ಬೇಗ ಮುಗಿಯುತ್ತಿತ್ತು. ಇದ್ದರೇನು, ಅವಳದೇ ದನಿ. ಹಳೇಬೀಡಿನ ಸಂಜೆ ಹಾಗೇ ಮರಳಿ ಬಂದಿತ್ತು. ಬಂದ ಮೇಲೆ ನನ್ನ ಕರ್ತವ್ಯ ನನಗೆ ಗೊತ್ತಿರಬೇಡವೇ? ಸುತ್ತ ನೋಡಿದೆ. ಪೆಟ್ಟಿಗೆಯ ಮೇಲೆ ಮಿಕ್ಕ ಸ್ಕ್ರೂಗಳ ಡಬ್ಬಿ ಇತ್ತು. ಎತ್ತಿಕೊಂಡು ಝಲ್ ಝಲ್ ಎಂದು ಅಲ್ಲಾಡಿಸತೊಡಗಿದೆ.

ಹಾಡು ನಿಂತಿತು.

“ರೀ, ಆ ಡಬ್ಬಿ ಕೆಳಗಿಡಿ” ಎಂದಳು ವಿಮಲ ಒಳಗಿನಿಂದಲೇ. “ಹಳೇಬೀಡಲ್ಲೂ ಹಿಂಗೇ ಮಾಡಿದ್ರಿ. ಒಂದು ಕಡೆನೂ ತಾಳ ಸರಿಯಾಗಿ ಬೀಳ್ತಿರಲಿಲ್ಲ. ನಿಮ್ಮನ್ನ ಕೊನೆ ತನಕ ಎಳ್ಕೊಂಡು ಹೋಗೋಷ್ಟರಲ್ಲಿ ನನ್ನ ಜೀವ ಬಾಯಿಗೆ ಬಂದಿತ್ತು.”

ನಾನು ಮೋಹನನ ಮುಖ ನೋಡಿದೆ. “ಹೇಳೋಣ ಅಂತಿದ್ದೆ ಕಣೋ” ಎಂದ ಅವನು ಮೆಲ್ಲಗೆ. “ಅಷ್ಟರಲ್ಲಿ ಮದುವೆ ಆಗೋಯ್ತು.”

ಹಾಗಾದರೆ ಆ ಸಂಜೆ ಆಸರೆಯಾದವಳು ಅವಳು, ಆತುಕೊಂಡವನು ನಾನು. ಚಪ್ಪಾಳೆ ತಟ್ಟಿದ ಜನ ಮೆಚ್ಚಿದ್ದು ಅವಳ ಹಾಡನ್ನೋ ಸಹನೆಯನ್ನೋ ಈಗ ಕೇಳಲು ಹೋಗುವುದಿಲ್ಲ. ಡಬ್ಬಿಯನ್ನು ಒಂದು ಸ್ಕ್ರೂ ಕೂಡ ಅಲುಗದಂತೆ ಕೆಳಗಿಟ್ಟೆ. ಒಳಗೆ ಸಾರಿನ ಪಾತ್ರೆಯ ಮುಚ್ಚಳ ಸದ್ದಾಯಿತು, ಅವಳು ಬಿಟ್ಟ ಸಾಲಿನಿಂದಲೇ ಹಾಡನ್ನು ಎತ್ತಿಕೊಂಡಳು. ಕೊನೆಯ ಸಾಲು ಇನ್ನೂ ಬಾಕಿಯಿರುವಾಗ ಹಜಾರದ ಬಲ್ಬು ಹತ್ತಿತು, ಮೋಟಾರು ‘ಹ್ಞೂಂ’ ಎನ್ನಲು ಶುರುಮಾಡಿತು. ನಾನು ಹಾರಿಬಿದ್ದು ಹೋಗಿ ಸ್ವಿಚ್ಚು ಆರಿಸಿದೆ. ಮೋಹನ ಎರಡೂ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡ. ಹಾಡು ಮುಗಿಯುವವರೆಗೂ ಸ್ವಿಚ್ಚಿನ ಮೇಲೆ ಬೆರಳಿಟ್ಟುಕೊಂಡು, ಉಸಿರು ಕೂಡ ಸದ್ದಾಗದಂತೆ ನಿಂತಿದ್ದೆ. ನನ್ನ ಹೆಂಡತಿಯ ಹಾಡಿಗೆ ನಾನು ತಾಳ ತಪ್ಪದೆ ಕೊಟ್ಟ ಪಕ್ಕವಾದ್ಯ ಅದೊಂದೇ.